ದೂರದ ದಾರಿಗೆ ಮೊದಲು ಸಂಪಾಜೆ ಘಾಟಿ



ರೈಲು ಹಳಿ ಇಲ್ಲದ ಜಿಲ್ಲೆ ನಮ್ಮ ಕೊಡಗು. ರೈಲು ಹತ್ತಬೇಕಾದರೆ ಮೈಸೂರಿಗೆ ಹೋಗಬೇಕು, ಇಲ್ಲವೇ ಘಾಟಿ ಇಳಿದು ಮಂಗಳೂರನ್ನೋ ಕಣ್ಣೂರನ್ನೋ ಸೇರಬೇಕು. ಬಸ್ಸು ಮುಖ್ಯರಸ್ತೆಯಲ್ಲಿ ಇಳಿಸಿ ಹೋದ ಮೇಲೂ ಮನೆ ತಲುಪಲು ಇನ್ನೆರಡು ಮೂರು ಮೈಲಿ ತೋಟದ ರಸ್ತೆ ಉಳಿದಿರುತ್ತದೆ. ಹಾಗಾಗಿ ಕೊಡಗಿನ ಮನೆಗಳಿಗೆ ಮೋಟಾರ್ ಸೈಕಲ್ ಬಂದದ್ದೇ ಅಗತ್ಯಕ್ಕಾಗಿ. ಸಂತೆಯಿಂದ ಸಾಮಾನು ತರಲು, ಗದ್ದೆಗೆ ಗೊಬ್ಬರ ಒಯ್ಯಲು, ಜ್ವರ ಬಂದ ಮಗುವನ್ನು ಮಡಿಕೇರಿಗೋ ವಿರಾಜಪೇಟೆಗೋ ಕರೆದೊಯ್ಯಲು. ಅದೇ ಗಾಡಿಯಲ್ಲಿ ಈಗ ನಮ್ಮ ಹುಡುಗರು, ಹೆಣ್ಣುಮಕ್ಕಳೂ ಸೇರಿ, ಗೋವಾಕ್ಕೆ, ಕನ್ಯಾಕುಮಾರಿಗೆ, ಲಡಾಖಿಗೆ ಹೊರಡುತ್ತಿದ್ದಾರೆ. ನೋಡಿದರೆ ಸಂತೋಷವಾಗುತ್ತದೆ. ಆ ಪ್ರಯಾಣಕ್ಕೆ ಗಾಡಿಯನ್ನು ಹೇಗೆ ಅಣಿ ಮಾಡಬೇಕು ಎನ್ನುವುದನ್ನು, ರಿಪೇರಿ ಕೆಲಸದಲ್ಲೇ ಬದುಕು ಕಂಡವನಾಗಿ, ಇವತ್ತು ನಿಮಗೆ ಹೇಳಬೇಕೆಂದಿದ್ದೇನೆ.

ಗ್ಯಾರೇಜಿಗೆ ಬರುವವರಲ್ಲಿ ಹೆಚ್ಚಿನವರ ಮಾತು ಒಂದೇ ಬಗೆ.

"ಅಣ್ಣಾ, ನಾಳೆ ಬೆಳಿಗ್ಗೆ ಐದು ಗಂಟೆಗೆ ಹೊರಡ್ತಾ ಇದ್ದೇವೆ. ಗಾಡಿ ಒಮ್ಮೆ ಪೂರ್ತಿ ನೋಡಿ ಕೊಡಿ."

"ಎಲ್ಲಿಗಪ್ಪಾ?"

"ಲೇಹ್‌ಗೆ ಅಣ್ಣಾ."

"ಚೈನ್ ಯಾವಾಗ ಹಾಕಿಸಿದ್ದು?"

"ಅದು ಗೊತ್ತಿಲ್ಲ ಅಣ್ಣಾ. ಗಾಡಿ ಸೆಕೆಂಡ್ ಹ್ಯಾಂಡ್ ತಗೊಂಡದ್ದು."

ಹೊರಡುವ ಹಿಂದಿನ ದಿನ ಮಾಡುವ ಸರ್ವಿಸಿನಂಥ ಅಪಾಯದ ಕೆಲಸ ಮತ್ತೊಂದಿಲ್ಲ. ಆ ದಿನ ಬಿಚ್ಚಿದ ಪ್ರತಿಯೊಂದು ನಟ್ಟೂ, ಹಾಕಿದ ಪ್ರತಿಯೊಂದು ಹೊಸ ಸಾಮಾನೂ ಮೊದಲ ಬಾರಿಗೆ ಪರೀಕ್ಷೆಗೆ ಒಳಗಾಗುವುದು ಹೆದ್ದಾರಿಯ ಮೇಲೆ, ಗುರುತು ಪರಿಚಯ ಇಲ್ಲದ ಊರಿನಲ್ಲಿ. ಹೊಸ ಬ್ರೇಕ್ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಲು ಸ್ವಲ್ಪ ದೂರ ಓಡಬೇಕು. ಹೊಸ ಚೈನು ಮೊದಲ ಕೆಲವು ನೂರು ಕಿಲೋಮೀಟರಿನಲ್ಲಿ ಸಡಿಲಾಗುತ್ತದೆ, ಮತ್ತೆ ಎಳೆಯಬೇಕು. ಹೊಸ ಕ್ಲಚ್ ಕೇಬಲ್ ಕೂಡ ಹಾಗೆಯೇ. ಅದಕ್ಕೇ ನಾನು ಎಲ್ಲರಿಗೂ ಹೇಳುವುದು: ಗಾಡಿಯ ಕೆಲಸ ಹೊರಡುವ ದಿನಕ್ಕಿಂತ ಒಂದು ತಿಂಗಳು ಮುಂಚೆ ಮುಗಿದಿರಲಿ. ಆ ತಿಂಗಳು ನಮ್ಮ ಕೊಡಗಿನ ರಸ್ತೆಗಳಲ್ಲೇ ಅದನ್ನು ಓಡಿಸಿ ನೋಡಿ. ಏರು, ಇಳಿಜಾರು, ಕೆಸರು, ಮಂಜು, ಮಳೆ, ಆನೆ ದಾಟುವ ದಾರಿ ಎಲ್ಲವೂ ಮನೆಬಾಗಿಲಲ್ಲೇ ಇರುವವರು ಗಾಡಿಯನ್ನು ಪರೀಕ್ಷಿಸಲು ಬೇರೆಲ್ಲಿಗೂ ಹೋಗಬೇಕಾಗಿಲ್ಲ.

ನಮ್ಮ ಹಿಂದಿನ ತಲೆಮಾರಿನವರಿಗೆ ಇದನ್ನು ಹೇಳಿಕೊಡಬೇಕಾಗಿರಲಿಲ್ಲ. ಅವರ ಕೈಯಲ್ಲಿ ಇದ್ದದ್ದು ಜಾವಾ, ಯೆಜ್ಡಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯನ್ನು ಜಯಚಾಮರಾಜ ಒಡೆಯರು ಉದ್ಘಾಟಿಸಿದ್ದು 1961ರಲ್ಲಿ. ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿಯಲ್ಲಿ ಶುರುವಾದ ಆ ಕಾರ್ಖಾನೆ 1973ರಿಂದ ಯೆಜ್ಡಿ ಹೆಸರಿನಲ್ಲಿ ಗಾಡಿ ತಯಾರಿಸಿತು, 1996ರಲ್ಲಿ ಬಾಗಿಲು ಹಾಕಿತು. ಎರಡು ಸೈಲೆನ್ಸರಿನ, ಕಿಕ್ಕರನ್ನೇ ಮಡಚಿದರೆ ಗೇರ್ ಲಿವರ್ ಆಗುವ ಆ ಟೂ ಸ್ಟ್ರೋಕ್ ಗಾಡಿ ಯಜಮಾನನಿಂದ ಕೆಲಸ ಮಾಡಿಸಿಕೊಳ್ಳುತ್ತಿತ್ತು. ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಬೇಕು. ಪ್ಲಗ್ಗಿನಲ್ಲಿ ಮಸಿ ಕಟ್ಟಿದರೆ ದಾರಿಬದಿಯಲ್ಲೇ ಬಿಚ್ಚಿ ಉಜ್ಜಬೇಕು. ಪಾಯಿಂಟ್ ಸುಟ್ಟರೆ ಎಮರಿ ಕಾಗದದಲ್ಲಿ ತಿಕ್ಕಿ ಅಂತರ ಸರಿಪಡಿಸಬೇಕು. ಹಾಗಾಗಿ ಯೆಜ್ಡಿ ಇಟ್ಟುಕೊಂಡವನಿಗೆ ತನ್ನ ಗಾಡಿಯ ಒಳಗೆ ಏನಿದೆ ಎನ್ನುವುದು ಗೊತ್ತಿರಲೇಬೇಕಿತ್ತು. ಇನ್ನೊಂದು ವಿಷಯವನ್ನು ನಾನು ಯಾವಾಗಲೂ ಮೆಚ್ಚಿಕೊಂಡು ನೆನೆಯುತ್ತೇನೆ. ಆ ಗಾಡಿಯ ಚೈನು ಪೂರ್ತಿ ಮುಚ್ಚಿದ ಕವಚದೊಳಗೆ ಓಡುತ್ತಿತ್ತು. ನಮ್ಮ ಮಳೆಗಾಲದ ಕೆಸರಿಗೆ ಅದಕ್ಕಿಂತ ಒಳ್ಳೆಯ ಏರ್ಪಾಡು ಬೇರೆ ಇಲ್ಲ. ಈಗಿನ ಹೆಚ್ಚಿನ ಬೈಕುಗಳ ಚೈನು ಬಯಲಲ್ಲಿ ಓಡುತ್ತದೆ, ನಮ್ಮ ಕೆಮ್ಮಣ್ಣು ನೇರವಾಗಿ ಅದರ ಮೇಲೆಯೇ ಬೀಳುತ್ತದೆ.

ಹಾಗಾಗಿ ಚೈನಿನಿಂದಲೇ ಶುರು ಮಾಡೋಣ. ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಗೇರನ್ನು ನ್ಯೂಟ್ರಲ್ಲಿಗೆ ತನ್ನಿ. ಎಂಜಿನ್ ಆಫ್ ಆಗಿರಬೇಕು, ಹಿಂದಿನ ಚಕ್ರವನ್ನು ಕೈಯಲ್ಲೇ ತಿರುಗಿಸಬೇಕು. ಎಂಜಿನ್ ಸ್ಟಾರ್ಟ್ ಮಾಡಿ ಗೇರಿಗೆ ಹಾಕಿ ಬಟ್ಟೆ ಹಿಡಿದು ಚೈನ್ ಒರೆಸುವ ಅಭ್ಯಾಸ ಕೆಲವರಿಗಿದೆ. ಬೆರಳು ಹೋಗುವುದು ಹಾಗೆಯೇ, ದಯವಿಟ್ಟು ಮಾಡಬೇಡಿ. ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ಅದ್ದಿ ಚೈನಿನ ನಾಲ್ಕೂ ಬದಿ ತಿಕ್ಕಿ, ಬಟ್ಟೆಯಲ್ಲಿ ಒರೆಸಿ, ಒಣಗಲು ಬಿಡಿ. ಪೆಟ್ರೋಲ್ ಬೇಡ. ಈಗಿನ ಎಷ್ಟೋ ಚೈನುಗಳ ಕೊಂಡಿಗಳ ನಡುವೆ ಸಣ್ಣ ರಬ್ಬರ್ ಉಂಗುರಗಳಿರುತ್ತವೆ, ಪೆಟ್ರೋಲ್ ಅವನ್ನು ಹಾಳು ಮಾಡುತ್ತದೆ. ಆಮೇಲೆ ಕೆಳಗಿನ ಸಾಲಿನ ಮಧ್ಯದಲ್ಲಿ ಬೆರಳಿನಿಂದ ಚೈನನ್ನು ಮೇಲಕ್ಕೂ ಕೆಳಕ್ಕೂ ಒತ್ತಿ ನೋಡಿ. ಎಷ್ಟು ಆಡಬೇಕು ಎನ್ನುವುದು ಗಾಡಿಯ ಪುಸ್ತಕದಲ್ಲಿರುತ್ತದೆ; ಸಾಧಾರಣ ಬೈಕುಗಳಲ್ಲಿ ಎರಡರಿಂದ ಮೂರು ಸೆಂಟಿಮೀಟರ್. ಒಂದೇ ಕಡೆ ನೋಡಿ ಬಿಡಬೇಡಿ. ಚಕ್ರವನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ನಾಲ್ಕೈದು ಕಡೆ ನೋಡಿ. ಒಂದು ಕಡೆ ಬಿಗಿ, ಇನ್ನೊಂದು ಕಡೆ ಜೋಲು ಎಂದಾದರೆ ಚೈನು ಸಮನಾಗಿ ಸವೆದಿಲ್ಲ. ಅದನ್ನು ಎಷ್ಟು ಎಳೆದರೂ ಪ್ರಯೋಜನವಿಲ್ಲ, ಸ್ಪ್ರಾಕೆಟ್ ಸಮೇತ ಇಡೀ ಸೆಟ್ಟೇ ಬದಲಾಗಬೇಕು. ಸ್ಪ್ರಾಕೆಟ್ಟಿನ ಹಲ್ಲುಗಳು ಒಂದು ಕಡೆಗೆ ಬಾಗಿ ಕೊಕ್ಕೆಯ ಹಾಗೆ ಕಂಡರೂ ಅಷ್ಟೆ.

ಚೈನಿಗೆ ಗ್ಯಾರೇಜಿನ ವೇಸ್ಟ್ ಆಯಿಲ್ ಹಚ್ಚುವವರು ನಮ್ಮಲ್ಲಿ ಬಹಳ. ತೋಟದ ದಾರಿಯ ಮಣ್ಣು ಅದಕ್ಕೆ ಮೆತ್ತಿಕೊಂಡರೆ ಅದು ಚೈನನ್ನೂ ಸ್ಪ್ರಾಕೆಟ್ಟನ್ನೂ ಒಟ್ಟಿಗೆ ಅರೆಯುತ್ತದೆ. 90ರ ಗೇರ್ ಆಯಿಲನ್ನೋ ಚೈನಿಗೆಂದೇ ಬರುವ ಸ್ಪ್ರೇಯನ್ನೋ ಒಳಬದಿಯಿಂದ, ಅಂದರೆ ಸ್ಪ್ರಾಕೆಟ್ಟಿಗೆ ತಾಗುವ ಕಡೆಯಿಂದ, ತೆಳುವಾಗಿ ಹಾಕಿ, ಮಿಕ್ಕಿದ್ದನ್ನು ಒರೆಸಿ. ಓಡಿಸಿ ಬಂದ ಮೇಲೆ ಚೈನು ಬಿಸಿ ಇರುವಾಗ ಹಾಕಿದರೆ ಒಳಗೆ ಇಳಿಯುತ್ತದೆ. ರಾತ್ರಿ ಹಾಕಿಟ್ಟು ಬೆಳಿಗ್ಗೆ ಹೊರಟರೆ ಇನ್ನೂ ಒಳ್ಳೆಯದು. ದೂರದ ಪ್ರಯಾಣದಲ್ಲಿ ಇದನ್ನು ಪ್ರತಿ ಸಂಜೆ ವಸತಿ ಸೇರಿದ ಕೂಡಲೇ ಮಾಡಬೇಕು, ಊಟಕ್ಕಿಂತ ಮೊದಲು.

ಕ್ಲಚ್ ಕೇಬಲ್ಲಿನ ವಿಷಯ ಚಿಕ್ಕದು, ಆದರೆ ದಾರಿಯಲ್ಲಿ ಗಾಡಿ ನಿಲ್ಲಿಸುವುದು ಹೆಚ್ಚಾಗಿ ಅದೇ. ಹ್ಯಾಂಡಲಿನ ಲಿವರಿಗೆ ಕೇಬಲ್ಲಿನ ಗುಂಡು ಸೇರುವ ಜಾಗವನ್ನು ಬೆಳಕಿನಲ್ಲಿ ನೋಡಿ. ಒಂದು ಎಳೆ ಕಿತ್ತು ಹೊರಗೆ ಚುಚ್ಚಿಕೊಂಡಿದ್ದರೂ ಸಾಕು, ಉಳಿದ ಎಳೆಗಳು ಹೆಚ್ಚು ದಿನ ತಡೆಯುವುದಿಲ್ಲ. ಹೊಸದು ಹಾಕಿಸಿ. ಇನ್ನೂ ಒಂದನ್ನು ಕೊಂಡು, ಈಗಿರುವ ಕೇಬಲ್ಲಿನ ಪಕ್ಕದಲ್ಲೇ ಅದೇ ದಾರಿಯಲ್ಲಿ ಎಳೆದು, ಎರಡೂ ತುದಿಗೆ ಪ್ಲಾಸ್ಟಿಕ್ ಸುತ್ತಿ ಕಟ್ಟಿಡಿ. ಟ್ಯಾಂಕಿನ ಕೆಳಗೆ ಕೇಬಲ್ ನುಗ್ಗಿಸುವ ಕಷ್ಟದ ಕೆಲಸ ಮನೆಯಲ್ಲೇ ಮುಗಿದಿರುತ್ತದೆ. ದಾರಿಯಲ್ಲಿ ಹಳೆಯದು ತುಂಡಾದರೆ ಎರಡು ತುದಿ ಸಿಕ್ಕಿಸಿದರಾಯಿತು, ಹತ್ತು ನಿಮಿಷದಲ್ಲಿ ಹೊರಡಬಹುದು. ಹಳೆಯ ಬುಲೆಟ್ ಸವಾರರ ಉಪಾಯ ಇದು, ಇವತ್ತಿಗೂ ಇದಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ.

ಇನ್ನು ಬ್ರೇಕು. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಯಾಕೆಂದರೆ ನಮ್ಮ ಹವೆಗೂ ಇದಕ್ಕೂ ನೇರ ಸಂಬಂಧವಿದೆ. ಡಿಸ್ಕ್ ಬ್ರೇಕ್ ಕೆಲಸ ಮಾಡುವುದು ಒಂದು ಬಗೆಯ ದ್ರವದ ಒತ್ತಡದಿಂದ. ಡಾಟ್ 4 ಎಂದು ಮುಚ್ಚಳದ ಮೇಲೆ ಬರೆದಿರುತ್ತದೆ. ಅದು ಗಾಳಿಯಲ್ಲಿರುವ ತೇವವನ್ನು ಸದಾ ಹೀರಿಕೊಳ್ಳುತ್ತದೆ. ಹೊಸ ದ್ರವ 230 ಡಿಗ್ರಿ ಸೆಲ್ಸಿಯಸ್ ದಾಟುವವರೆಗೆ ಕುದಿಯಬಾರದು ಎಂಬುದು ಅದರ ಮಾನದಂಡ. ತೇವ ಹೀರಿದ ಮೇಲೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆಯ ಮೇಲೂ ಬಟ್ಟೆಯ ಮೇಲೂ ಬೂಸ್ಟು ಹಿಡಿಯುವ ಊರಿನಲ್ಲಿ ಆ ದ್ರವದ ಗತಿ ಏನಾಗಿರುತ್ತದೆ, ಯೋಚನೆ ಮಾಡಿ. ಇನ್ನು ಮಡಿಕೇರಿಯಿಂದ ಸಂಪಾಜೆಗೆ ಘಾಟಿ ಇಳಿಯುವಾಗ ಸುಮಾರು ಸಾವಿರ ಮೀಟರಿನಷ್ಟು ಕೆಳಗೆ ಬರುತ್ತೇವೆ. ಹಿಂದೆ ಒಬ್ಬರನ್ನು ಕೂರಿಸಿಕೊಂಡು, ಸಾಮಾನು ಕಟ್ಟಿಕೊಂಡು, ಉದ್ದಕ್ಕೂ ಬ್ರೇಕ್ ಒತ್ತುತ್ತಾ ಇಳಿದರೆ ಡಿಸ್ಕು ಕಾಯುತ್ತದೆ, ಬಿಸಿ ದ್ರವಕ್ಕೆ ಏರುತ್ತದೆ, ಅದರೊಳಗಿನ ನೀರಿನಂಶ ಆವಿಯಾಗುತ್ತದೆ. ಆವಿ ಒತ್ತಿದರೆ ಕುಗ್ಗುತ್ತದೆ. ಲಿವರ್ ಹ್ಯಾಂಡಲಿನ ತನಕ ಬರುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಈ ದ್ರವವನ್ನು ಪೂರ್ತಿ ತೆಗೆದು ಹೊಸದು ಹಾಕಿ ಗಾಳಿ ಬಿಡಿಸಬೇಕು. ಖರ್ಚು ಕೆಲವು ನೂರು ರೂಪಾಯಿ. ಮೂರು ಸಾವಿರ ಕಿಲೋಮೀಟರ್ ಮೀರಿದ ದಾರಿಗೆ ಹೊರಡುವವರು ಈ ಖರ್ಚಿನಲ್ಲಿ ಉಳಿತಾಯ ಮಾಡಬಾರದು.

ದ್ರವ ಬದಲಿಸಿದ ಮೇಲೆ ಅದೇ ಘಾಟಿಯಲ್ಲಿ ಇಳಿದು ನೋಡಿ. ಎರಡನೇ ಗೇರು, ಮೂರನೇ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ಹಿಡಿಯಲಿ, ಬ್ರೇಕನ್ನು ತಿರುವಿಗೆ ಮೊದಲು ಒತ್ತಿ ಬಿಡಿ. ಸಂಪಾಜೆ ಗೇಟಿನಲ್ಲಿ ನಿಂತು ಮುಂದಿನ ಲಿವರ್ ಒತ್ತಿದಾಗ ಹೊರಟಾಗ ಇದ್ದಷ್ಟೇ ಗಟ್ಟಿಯಾಗಿದ್ದರೆ ಬ್ರೇಕು ಸರಿಯಿದೆ. ಡ್ರಮ್ ಬ್ರೇಕಿನವರು ಶೂ ಬಿಚ್ಚಿಸಿ ನೋಡಲಿ. ಕೆಸರು ನೀರು ಒಳಗೆ ಹೋಗಿ ಕ್ಯಾಮು ಹಿಡಿದುಕೊಂಡಿರುವುದು ನಮ್ಮ ಗಾಡಿಗಳಲ್ಲಿ ಸಾಮಾನ್ಯ.

ಟಯರಿನ ಬಗ್ಗೆ ಎರಡು ಮಾತು. ಬಟನ್ ಎಷ್ಟು ಉಳಿದಿದೆ ಎಂದು ಎಲ್ಲರೂ ನೋಡುತ್ತಾರೆ, ಹುಟ್ಟಿದ ವರ್ಷ ನೋಡುವವರು ಕಡಿಮೆ. ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ಕಡಿಮೆ ಓಡಿಸಿ, ಶೆಡ್ಡಿನಲ್ಲಿ ವರ್ಷಗಟ್ಟಲೆ ನಿಲ್ಲಿಸಿದ ಗಾಡಿಯ ಟಯರ್ ನೋಡಲು ಹೊಸದರ ಹಾಗೆ ಇದ್ದರೂ ರಬ್ಬರ್ ಗಟ್ಟಿಯಾಗಿ ಒದ್ದೆ ರಸ್ತೆಯಲ್ಲಿ ಜಾರುತ್ತದೆ. ಗಾಳಿಯನ್ನು ಚಕ್ರ ತಣ್ಣಗಿರುವಾಗಲೇ ನೋಡಬೇಕು. ಕಡ್ಡಿ ಚಕ್ರದ ಗಾಡಿಯಾದರೆ ಒಂದು ಸಣ್ಣ ಸ್ಪ್ಯಾನರ್ ತೆಗೆದುಕೊಂಡು ಪ್ರತಿ ಕಡ್ಡಿಗೂ ಮೆಲ್ಲಗೆ ತಟ್ಟುತ್ತಾ ಹೋಗಿ. ಬಿಗಿಯಾದ ಕಡ್ಡಿ ಠಣ್ ಎನ್ನುತ್ತದೆ, ಸಡಿಲಾದದ್ದು ಮಂಕಾಗಿ ಟಪ್ ಎನ್ನುತ್ತದೆ. ಕಿವಿಗೆ ಒಂದೇ ಸುತ್ತಿನಲ್ಲಿ ಅಭ್ಯಾಸವಾಗುತ್ತದೆ. ಮಂಕು ಸದ್ದಿನ ಕಡ್ಡಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ರಿಮ್ ಬೆಂಡ್ ತೆಗೆಯುವವರ ಹತ್ತಿರ ಒಯ್ಯಿರಿ.

ಹ್ಯಾಂಡಲಿನ ಬೇರಿಂಗ್ ನೋಡುವುದೂ ಸುಲಭ. ಮುಂದಿನ ಚಕ್ರವನ್ನು ನೆಲದಿಂದ ಎತ್ತಿ ನಿಲ್ಲಿಸಿ ಹ್ಯಾಂಡಲನ್ನು ಒಂದು ಬೆರಳಿನಿಂದ ಎಡಕ್ಕೂ ಬಲಕ್ಕೂ ತಿರುಗಿಸಿ. ನೇರ ಬಂದಾಗ ಸಣ್ಣ ಗುಳಿಯಲ್ಲಿ ಕೂತಂತೆ ಹಿಡಿದರೆ ಬದಲಿಸಬೇಕು. ಗುಂಡಿ ಬಿದ್ದ ಒಳರಸ್ತೆಗಳಲ್ಲಿ ಓಡುವ ನಮ್ಮ ಗಾಡಿಗಳಲ್ಲಿ ಇದು ಬೇಗ ಹೋಗುತ್ತದೆ.

ಎಂಜಿನ್ ಆಯಿಲನ್ನು ಕಿಲೋಮೀಟರ್ ಆಗದಿದ್ದರೂ ಹೊರಡುವ ಮುಂಚೆ ಬದಲಿಸಿಬಿಡಿ. ಬೈಕಿಗೆಂದೇ ಇರುವ, ಡಬ್ಬಿಯ ಮೇಲೆ ಜಾಸೊ ಎಂಎ ಗುರುತು ಇರುವ ಆಯಿಲ್ ಬೇಕು. ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರುತ್ತದೆ, ಯಾಕೆಂದರೆ ಬೈಕಿನ ಕ್ಲಚ್ ಪ್ಲೇಟು ಅದೇ ಆಯಿಲಿನಲ್ಲಿ ಮುಳುಗಿರುತ್ತದೆ. ಹಳೆಯ ಆಯಿಲ್ ಇಳಿಸುವಾಗ ಅದರ ಬಣ್ಣ ನೋಡಿ. ಕಪ್ಪಗಿದ್ದರೆ ಚಿಂತೆಯಿಲ್ಲ. ಹಾಲು ಬೆರೆಸಿದ ಕಾಫಿಯ ಬಣ್ಣ ಇದ್ದರೆ ಒಳಗೆ ನೀರು ಸೇರಿದೆ. 2018ರ ಆಗಸ್ಟಿನ ಆ ಮಳೆಯಲ್ಲಿ, ಜೋಡುಪಾಲದ ಕಡೆ, ಮಕ್ಕಂದೂರಿನ ಕಡೆ ಗುಡ್ಡಗಳು ಕುಸಿದು ಬಂದ ದಿನಗಳಲ್ಲಿ, ನಮ್ಮ ಜಿಲ್ಲೆಯ ಎಷ್ಟೋ ಗಾಡಿಗಳು ನೀರಿನಲ್ಲಿ ಮುಳುಗಿದವು. ಹಾಗೆ ನೀರು ಹೊಕ್ಕ ಗಾಡಿಯನ್ನು ಸ್ಟಾರ್ಟ್ ಮಾಡಲು ಹೋಗಲೇಬಾರದು. ಆಯಿಲ್ ಇಳಿಸಿ, ಪ್ಲಗ್ ತೆಗೆದು ನೀರು ಹೊರಹಾಕಿದ ಮೇಲೆಯೇ ಮುಂದಿನ ಮಾತು. ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡು ದೂರ ಹೋಗುವವರು ಈ ಪರೀಕ್ಷೆಯನ್ನು ಮರೆಯಬೇಡಿ.

ಇಷ್ಟು ಹೊತ್ತು ಹೇಳಿದ್ದು ನೋಡುವ ಕೆಲಸ. ಇನ್ನೊಂದು ಕೆಲಸವಿದೆ, ಅದನ್ನು ಮಾಡಿದವರು ಕಡಿಮೆ. ಒಂದು ಭಾನುವಾರ ಮನೆಯಂಗಳದಲ್ಲಿ, ಪ್ರಯಾಣಕ್ಕೆ ಒಯ್ಯಬೇಕೆಂದಿರುವ ಸ್ಪ್ಯಾನರ್‌ಗಳನ್ನಷ್ಟೇ ಇಟ್ಟುಕೊಂಡು, ಹಿಂದಿನ ಚಕ್ರವನ್ನು ಬಿಚ್ಚಿ ಮತ್ತೆ ಹಾಕಿ. ಗ್ಯಾರೇಜಿಗೆ ಓಡಬೇಡಿ, ಪಕ್ಕದ ಮನೆಯಿಂದ ಏನನ್ನೂ ತರಬೇಡಿ. ಆಗ ಗೊತ್ತಾಗುತ್ತದೆ, ಗಾಡಿಯೊಂದಿಗೆ ಬಂದ ಸ್ಪ್ಯಾನರಿನ ಹಿಡಿ ಚಿಕ್ಕದಾಗಿ ಆಕ್ಸಲ್ ನಟ್ಟು ಅಲುಗುವುದಿಲ್ಲ ಎಂದು. ಟಯರ್ ಲಿವರ್ ಒಂದು ಸಾಲದು, ಎರಡು ಬೇಕು ಎಂದು. ಟ್ಯೂಬನ್ನು ಹೊರಗೆಳೆಯುವಾಗ ವಾಲ್ವಿನ ಬುಡ ಹೇಗೆ ಸಿಕ್ಕಿಕೊಳ್ಳುತ್ತದೆ, ಒಳಗೆ ಹಾಕುವಾಗ ಲಿವರಿನ ತುದಿ ಹೇಗೆ ಟ್ಯೂಬನ್ನು ಕಚ್ಚಿ ಹೊಸ ತೂತು ಮಾಡುತ್ತದೆ ಎಂಬುದೆಲ್ಲ ಅಂಗಳದಲ್ಲೇ ತಿಳಿದುಹೋಗುತ್ತದೆ. ಮತ್ತೆ ಹಾಕುವಾಗ ಚೈನ್ ಅಡ್ಜಸ್ಟರಿನ ಗೆರೆ ಎರಡೂ ಕಡೆ ಒಂದೇ ಲೆಕ್ಕಕ್ಕೆ ಬಂದಿದೆಯೇ ನೋಡಿ. ಇಲ್ಲದಿದ್ದರೆ ಚಕ್ರ ಸೊಟ್ಟಗೆ ಕೂರುತ್ತದೆ. ಟ್ಯೂಬ್‌ಲೆಸ್ ಟಯರಿನವರು ಒಂದು ಹಳೆಯ ಟಯರಿನ ಮೇಲೆ ಮೊಳೆ ಹೊಡೆದು, ಬತ್ತಿ ತುಂಬಿ ಅಭ್ಯಾಸ ಮಾಡಿಕೊಳ್ಳಿ. ಕೈಪಂಪು ಅಥವಾ ಬ್ಯಾಟರಿಯಿಂದ ಓಡುವ ಸಣ್ಣ ಪಂಪು ಜೊತೆಗಿರಲಿ.

ಡಕಾರ್ ರ್‍ಯಾಲಿಯ ಹೆಸರು ನೀವು ಕೇಳಿರಬಹುದು. ಮರಳುಗಾಡಿನಲ್ಲಿ ದಿನಕ್ಕೆ ನೂರಾರು ಕಿಲೋಮೀಟರ್ ಓಡುವ, ಜಗತ್ತಿನ ಅತ್ಯಂತ ಕಠಿಣ ಸ್ಪರ್ಧೆಗಳಲ್ಲಿ ಒಂದು. ಬೆಂಗಳೂರಿನ ಸಿ. ಎಸ್. ಸಂತೋಷ್ 2015ರಲ್ಲಿ ಅದರಲ್ಲಿ ಸ್ಪರ್ಧಿಸಿದ ಮೊದಲ ಭಾರತೀಯ ಬೈಕ್ ಸವಾರರಾದರು, 36ನೆಯವರಾಗಿ ಮುಗಿಸಿದರು. ಆಮೇಲೆ ಉಡುಪಿಯ ಕೆ. ಪಿ. ಅರವಿಂದ್ ಕೂಡ ಆ ಸ್ಪರ್ಧೆಗಿಳಿದರು. ಅದರಲ್ಲಿ ಮ್ಯಾರಥಾನ್ ಹಂತ ಎಂದು ಒಂದಿದೆ. ಆ ರಾತ್ರಿ ತಂಡದ ಮೆಕ್ಯಾನಿಕ್ ಗಾಡಿಯನ್ನು ಮುಟ್ಟುವ ಹಾಗಿಲ್ಲ, ಸವಾರರೇ ಕೈಗೆ ಗ್ರೀಸ್ ಹಚ್ಚಿಕೊಂಡು ಗಾಡಿಯನ್ನು ಮರುದಿನಕ್ಕೆ ಸಿದ್ಧ ಮಾಡಬೇಕು. ದೊಡ್ಡ ಕಂಪನಿಗಳ ಬೆಂಬಲ ಇರುವವರೇ ಇದನ್ನು ಕಲಿತಿರಬೇಕು ಎಂದ ಮೇಲೆ, ಎರಡು ಗಾಡಿಯಲ್ಲಿ ಹೊರಡುವ ನಾಲ್ವರು ಗೆಳೆಯರಲ್ಲಿ ಒಬ್ಬರಾದರೂ ಕಲಿತಿರುವುದು ಬೇಡವೇ?

ಲಡಾಖಿನ ಮಾತಿಗೆ ಬರುತ್ತೇನೆ. ಆ ದಾರಿಯ ಬಗ್ಗೆ ಕೊಡಗಿನವರಿಗೆ ಬೇರೆಯವರಿಗಿಲ್ಲದ ಒಂದು ಅಕ್ಕರೆ ಇರಲು ಕಾರಣವಿದೆ. ಶ್ರೀನಗರದಿಂದ ಕಾರ್ಗಿಲ್ ಕಡೆಗೆ ಹೋಗುವಾಗ ಜೋಜಿ ಲಾ ಎಂಬ ಕಣಿವೆ ದಾಟಬೇಕು. 1948ರ ಕಾಶ್ಮೀರ ಯುದ್ಧದಲ್ಲಿ ಅದು ಎದುರಾಳಿಗಳ ಕೈಯಲ್ಲಿತ್ತು, ಲೇಹ್‌ನ ದಾರಿ ಮುಚ್ಚಿಹೋಗಿತ್ತು. ಅಲ್ಲಿಯ ಕಾರ್ಯಾಚರಣೆಯ ಹೊಣೆ ಹೊತ್ತಿದ್ದವರು ನಮ್ಮ ಮಡಿಕೇರಿಯಲ್ಲಿ ಹುಟ್ಟಿದ ಕೆ. ಎಸ್. ತಿಮ್ಮಯ್ಯ. ಅಷ್ಟು ಎತ್ತರಕ್ಕೆ ಟ್ಯಾಂಕ್ ಏರಿಸಬಹುದು ಎಂದು ಯಾರೂ ಎಣಿಸಿರಲಿಲ್ಲ. ಅವರು ಏರಿಸಿದರು. ಆದರೆ ಅದಕ್ಕೆ ಮೊದಲು ನಡೆದದ್ದನ್ನು ಗಮನಿಸಬೇಕು. ಟ್ಯಾಂಕುಗಳ ಮೇಲಿನ ಗೋಪುರಗಳನ್ನು ಕಳಚಿ, ಗುಟ್ಟಾಗಿ ಕಾಶ್ಮೀರದೊಳಕ್ಕೆ ಸಾಗಿಸಿದರು. ಹೇಸರಗತ್ತೆ ನಡೆಯುವಷ್ಟೇ ಅಗಲವಿದ್ದ ದಾರಿಯನ್ನು ಮದ್ರಾಸ್ ಸ್ಯಾಪರ್ಸ್‌ನ ಸೈನಿಕರು ಟ್ಯಾಂಕು ಹಿಡಿಯುವಷ್ಟು ಅಗಲ ಮಾಡಿದರು. ಹವೆ ಕೆಟ್ಟಿದ್ದಾಗ ಕಾದರು. ಇಷ್ಟೆಲ್ಲ ಆದ ಮೇಲೆ ನವೆಂಬರ್ 1ರಂದು ಟ್ಯಾಂಕುಗಳು ಕಣಿವೆ ದಾಟಿದವು. ಮಡಿಕೇರಿಯಲ್ಲಿ ಅವರು ಬಾಳಿದ ಮನೆ ಸನ್ನಿಸೈಡ್ 2021ರಿಂದ ಸ್ಮಾರಕ ಸಂಗ್ರಹಾಲಯವಾಗಿದೆ. ಲಡಾಖಿಗೆ ಹೊರಡುವ ಹುಡುಗರು ಹೊರಡುವ ಮುಂಚೆ ಅಲ್ಲಿಗೊಮ್ಮೆ ಹೋಗಿಬರಲಿ ಎಂದು ನನ್ನ ಆಸೆ.

ಎತ್ತರದ ಲೆಕ್ಕ ನಮ್ಮ ಅಳತೆಯಲ್ಲೇ ಹೇಳುತ್ತೇನೆ. ಕೊಡಗಿನ ಅತಿ ಎತ್ತರದ ಬೆಟ್ಟ ತಡಿಯಂಡಮೋಳ್ 1,748 ಮೀಟರ್. ಜೋಜಿ ಲಾ ಅದರ ಎರಡು ಪಟ್ಟು. ಲೇಹ್‌ನ ಆಚೆಗಿನ ಖರ್ದುಂಗ್ ಲಾ 5,359 ಮೀಟರ್, ಅಂದರೆ ಮೂರು ಪಟ್ಟು. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು. ಎಂಜಿನ್ನಿಗೆ ಗಾಳಿ ಸಾಲುವುದಿಲ್ಲ, ಪಿಕಪ್ ಬಿದ್ದುಹೋಗುತ್ತದೆ. ಕಾರ್ಬುರೇಟರ್ ಗಾಡಿಯಾದರೆ ಪೆಟ್ರೋಲ್ ಮಾತ್ರ ಮೊದಲಿನಷ್ಟೇ ಸುರಿಯುತ್ತದೆ, ಕಪ್ಪು ಹೊಗೆ ಬರುತ್ತದೆ, ಪ್ಲಗ್ಗು ಮಸಿ ಹಿಡಿಯುತ್ತದೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 ಗಾಡಿಗಳಲ್ಲಿ ಬಹುಪಾಲು ಎಲ್ಲದಕ್ಕೂ ಇಂಜೆಕ್ಷನ್ ವ್ಯವಸ್ಥೆಯಿದೆ, ಅದು ಗಾಳಿ ಅಳೆದು ಪೆಟ್ರೋಲನ್ನು ತಾನೇ ಹೊಂದಿಸಿಕೊಳ್ಳುತ್ತದೆ. ಆದರೆ ಅದರ ಪೆಟ್ರೋಲ್ ಪಂಪು ಓಡುವುದು ಕರೆಂಟಿನಿಂದ. ಬ್ಯಾಟರಿ ಪೂರ್ತಿ ಸತ್ತರೆ ತಳ್ಳಿ ಸ್ಟಾರ್ಟ್ ಮಾಡುವುದೂ ಕಷ್ಟ. ಹಳೆಯ ಗಾಡಿಯವರು ಒಂದು ಹೆಚ್ಚಿನ ಪ್ಲಗ್ ಇಟ್ಟುಕೊಳ್ಳಿ, ಹೊಸ ಗಾಡಿಯವರು ಒಳ್ಳೆಯ ಬ್ಯಾಟರಿ ಮತ್ತು ನಾಲ್ಕು ಫ್ಯೂಸ್. ಹೆಚ್ಚುವರಿ ಲೈಟು, ಫೋನ್ ಚಾರ್ಜರ್ ಹಾಕಿಸುವಾಗ ಸಿಕ್ಕಿದ ವೈರಿಗೆ ಗಂಟು ಹಾಕಿಸಬೇಡಿ. ಬ್ಯಾಟರಿಯಿಂದ ನೇರವಾಗಿ, ಬೇರೆ ಫ್ಯೂಸ್ ಕೊಟ್ಟು ಎಳೆಸಿ. ನಮ್ಮ ಮಳೆಯಲ್ಲಿ ಟೇಪ್ ಸುತ್ತಿದ ಗಂಟುಗಳು ತಿಂಗಳೊಳಗೆ ಹಸಿರು ಹಿಡಿಯುತ್ತವೆ.

ಪೆಟ್ರೋಲಿನ ಲೆಕ್ಕವನ್ನೂ ಮೊದಲೇ ಮಾಡಬೇಕು. ಮನಾಲಿಯಿಂದ ಲೇಹ್‌ಗೆ ಹೋಗುವ ದಾರಿಯಲ್ಲಿ ತಾಂಡಿ ಎಂಬಲ್ಲಿಯ ಬಂಕಿನಲ್ಲಿ, ಮುಂದಿನ ಬಂಕ್ 365 ಕಿಲೋಮೀಟರ್ ಎಂದು ಬರೆದ ಫಲಕ ಸವಾರರ ನಡುವೆ ಬಹಳ ಪ್ರಸಿದ್ಧ. ಟ್ಯಾಂಕಿನಲ್ಲಿ ಹನ್ನೆರಡು ಲೀಟರ್, ಲೀಟರಿಗೆ ಮೂವತ್ತೈದು ಎಂದು ಊರಿನ ಲೆಕ್ಕ ಹಿಡಿದರೆ ತಲುಪಬಹುದು ಅನ್ನಿಸುತ್ತದೆ. ಆದರೆ ಅಲ್ಲಿ ಮೊದಲನೇ ಎರಡನೇ ಗೇರಿನಲ್ಲೇ ಏರಬೇಕು, ಆ ಮೈಲೇಜು ಸಿಗುವುದಿಲ್ಲ. ಐದು ಲೀಟರಿನ ಗಟ್ಟಿ ಕ್ಯಾನ್ ಬೇಕೇ ಬೇಕು. ಹೋಗುವಾಗ ಶ್ರೀನಗರದ ದಾರಿ, ಬರುವಾಗ ಮನಾಲಿಯ ದಾರಿ ಹಿಡಿಯುವುದು ವಾಡಿಕೆ. ಶ್ರೀನಗರದ ಕಡೆಯಿಂದ ಎತ್ತರ ನಿಧಾನವಾಗಿ ಏರುತ್ತದೆ, ದೇಹ ಒಗ್ಗಿಕೊಳ್ಳುತ್ತದೆ. ಲೇಹ್ ಸೇರಿದ ಮೇಲೆ ಎರಡು ದಿನ ಸುಮ್ಮನೆ ವಿಶ್ರಾಂತಿ ಮಾಡಿ. ಮಲೆನಾಡಿನವರು, ಬೆಟ್ಟ ಹತ್ತಿ ಅಭ್ಯಾಸ ಇರುವವರು ಎಂಬ ಧೈರ್ಯ ಅಲ್ಲಿ ನಡೆಯುವುದಿಲ್ಲ.

ಯಾವಾಗ ಹೊರಡಬೇಕು ಎಂಬುದಕ್ಕೂ ತಯಾರಿಗೂ ಸಂಬಂಧವಿದೆ. ಲಡಾಖಿನ ದಾರಿ ತೆರೆದಿರುವುದು ಬೇಸಿಗೆಯಿಂದ ಅಕ್ಟೋಬರ್ ಹೊತ್ತಿನವರೆಗೆ, ನಮ್ಮಲ್ಲಿ ಮಳೆ ಸುರಿಯುವ ತಿಂಗಳುಗಳಲ್ಲಿಯೇ. ಕಾಫಿ ಕೊಯ್ಲು ಮುಗಿದು, ಹೂಮಳೆ ಬಿದ್ದು, ತೋಟದ ಕೆಲಸ ಸ್ವಲ್ಪ ಹಗುರಾಗುವ ಏಪ್ರಿಲ್ ಮೇ ತಿಂಗಳಲ್ಲಿ ಗಾಡಿಯ ಕೆಲಸ ಮುಗಿಸಿದರೆ ಜೂನ್‌ನಲ್ಲಿ ಹೊರಡಬಹುದು. ಗದ್ದೆ ಇರುವವರು ನಾಟಿ ಮುಗಿಸಿ, ಸೆಪ್ಟೆಂಬರ್ ಆರಂಭದ ಕೈಲ್ ಮುಹೂರ್ತ ಮುಗಿಸಿಕೊಂಡು ಹೊರಡಲಿ. ಕೋವಿ, ಕತ್ತಿ, ನೇಗಿಲುಗಳನ್ನು ತೊಳೆದು ಒರೆಸಿ ಪೂಜೆಗಿಡುವ ಆ ದಿನ ಬೈಕಿನ ಸ್ಪ್ಯಾನರುಗಳನ್ನೂ ತೊಳೆದು, ತುಕ್ಕು ತೆಗೆದು, ಎಣ್ಣೆ ಹಚ್ಚಿ ಅವುಗಳ ಜೊತೆಗಿಡಿ. ದುಡಿಮೆಯ ಸಾಧನಗಳೇ ಅಲ್ಲವೇ ಅವೂ.

ಸಾಮಾನು ಕಟ್ಟುವಾಗ ಭಾರ ಕೆಳಗೂ ಮಧ್ಯದಲ್ಲೂ ಇರಬೇಕು. ಎಲ್ಲವನ್ನೂ ಹಿಂದಿನ ಕ್ಯಾರಿಯರಿನ ಮೇಲೆ ಏರಿಸಿದರೆ ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ ನಡುಗುತ್ತದೆ. ಹಿಂದಿನ ಶಾಕ್ ಅಬ್ಸಾರ್ಬರನ್ನು ಭಾರಕ್ಕೆ ತಕ್ಕಂತೆ ಒಂದೆರಡು ಮೆಟ್ಟಿಲು ಗಟ್ಟಿ ಮಾಡಿ. ಕಟ್ಟಿದ ಮೇಲೆ, ಹಿಂದೆ ಕೂರುವವರನ್ನೂ ಕೂರಿಸಿಕೊಂಡು, ಕುಶಾಲನಗರ ದಾಟಿ ಹುಣಸೂರಿನ ತನಕ ಒಮ್ಮೆ ವೇಗವಾಗಿ ಓಡಿಸಿ ನೋಡಿ. ಇನ್ನೊಂದು ದಿನ ಭಾಗಮಂಡಲದ ಮೇಲೆ ತಲಕಾವೇರಿಗೆ ಹೋಗಿ ಬನ್ನಿ. ಮತ್ತೊಂದು ದಿನ ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿಯಿರಿ. ಮೂರೂ ಸಲ ಮನೆಗೆ ಬಂದ ಕೂಡಲೇ ಪ್ರತಿ ನಟ್ಟಿಗೆ ಸ್ಪ್ಯಾನರ್ ಹಿಡಿಯಿರಿ. ಮುಖ್ಯ ನಟ್ಟುಗಳ ಮೇಲೆ ಪೇಂಟಿನಲ್ಲಿ ಒಂದು ಗೆರೆ ಎಳೆದಿಟ್ಟರೆ, ಸಡಿಲಾದದ್ದು ಕಣ್ಣಿಗೇ ಕಾಣುತ್ತದೆ. ಈ ಓಟಗಳಲ್ಲಿ ಏನಾದರೂ ಕಳಚಿದರೆ ಬೇಸರ ಮಾಡಿಕೊಳ್ಳಬೇಡಿ. ಲೇಹ್ ದಾರಿಯ ಮೋರೆ ಬಯಲಿನಲ್ಲಿ ಕಳಚಬೇಕಾದದ್ದು ಹುಣಸೂರಿನಲ್ಲೇ ಕಳಚಿತು.

ಕಾಗದಪತ್ರಗಳ ವಿಷಯ ಎಲ್ಲರಿಗೂ ಗೊತ್ತಿರುವುದೇ: ಆರ್‌ಸಿ, ಇನ್ಶೂರೆನ್ಸ್, ಹೊಗೆ ತಪಾಸಣೆ, ಲೈಸೆನ್ಸ್. ಡಿಜಿಲಾಕರಿನಲ್ಲಿದ್ದರೂ ನಡೆಯುತ್ತದೆ, ಆದರೆ ನೆಟ್‌ವರ್ಕ್ ಇಲ್ಲದ ಕಡೆಗೆ ಜೆರಾಕ್ಸ್ ಪ್ರತಿ ಇರಲಿ. ನಮ್ಮ ಕಡೆಯ ಪ್ರಿಪೇಯ್ಡ್ ಸಿಮ್ ಜಮ್ಮು ಕಾಶ್ಮೀರದಲ್ಲೂ ಲಡಾಖಿನಲ್ಲೂ ಕೆಲಸ ಮಾಡುವುದಿಲ್ಲ, ಒಂದು ಪೋಸ್ಟ್‌ಪೇಯ್ಡ್ ಬೇಕು. ಬೆಂಗಳೂರಿನ ಕಡೆಯಿಂದ ಹೋಗುವವರು ನೆನಪಿಡಿ, ಮೈಸೂರು–ಬೆಂಗಳೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಊಟಿಯ ಕಡೆ ಹೋಗುವವರಿಗೆ ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ದಾರಿ ಮುಚ್ಚಿರುತ್ತದೆ. ನಮ್ಮ ತಿತಿಮತಿ, ಆನೆಚೌಕೂರಿನ ಕಡೆ ಬೆಳಗಿನ ಜಾವ ಹೊರಡುವವರು ಹೆಡ್‌ಲೈಟಿನ ಬೆಳಕು ಸರಿಯಾಗಿ ರಸ್ತೆಗೆ ಬೀಳುತ್ತದೆಯೇ ನೋಡಿಕೊಳ್ಳಿ, ಸೈಲೆನ್ಸರ್ ಬದಲಿಸಿ ಸದ್ದು ಮಾಡುತ್ತಾ ಕಾಡಿನೊಳಗೆ ಹೋಗಬೇಡಿ. ಹೆಲ್ಮೆಟ್ಟಿಗೆ ಐಎಸ್‌ಐ ಗುರುತು ಇರಲಿ, ಹಿಂದೆ ಕೂತವರಿಗೂ ಅಷ್ಟೇ ಒಳ್ಳೆಯದು ಕೊಡಿಸಿ.

ಕೊನೆಯದಾಗಿ, ಊರಿಗೆ ಮರಳಿದ ಮೇಲಿನ ಕೆಲಸ. ಸುಸ್ತಾಗಿ ಬಂದವರು ಗಾಡಿಯನ್ನು ಶೆಡ್ಡಿಗೆ ತಳ್ಳಿ ವಾರಗಟ್ಟಲೆ ಬಿಟ್ಟುಬಿಡುತ್ತಾರೆ. ಲಡಾಖಿನ ನಯವಾದ ಧೂಳು ಗಾಡಿಯ ಸಂದುಗೊಂದಿನಲ್ಲೆಲ್ಲ ತುಂಬಿರುತ್ತದೆ. ನಮ್ಮ ಹವೆಯ ತೇವವನ್ನು ಅದು ಹಿಡಿದಿಟ್ಟುಕೊಂಡು, ಒಳಗಿಂದೊಳಗೇ ತುಕ್ಕು ಬರಿಸುತ್ತದೆ. ಬಂದ ಎರಡು ಮೂರು ದಿನದೊಳಗೆ ಗಾಡಿ ತೊಳೆಯಿರಿ, ಬೇರಿಂಗ್‌ಗಳಿಗೆ ನೇರವಾಗಿ ಪ್ರೆಷರ್ ನೀರು ಹೊಡೆಸಬೇಡಿ. ಏರ್ ಫಿಲ್ಟರ್ ಬದಲಿಸಿ. ಆಯಿಲ್ ಇಳಿಸಿ. ಹರಿಯುವ ನೀರಿನಲ್ಲಿ ಗಾಡಿ ಓಡಿಸಿದ್ದರೆ ಚಕ್ರದ ಬೇರಿಂಗ್ ನೋಡಿ: ಚಕ್ರವನ್ನು ಮೇಲೂ ಕೆಳಗೂ ಹಿಡಿದು ಅಲುಗಿಸಿದಾಗ ಆಡಿದರೆ ಬದಲಿಸಬೇಕು. ಯಾವ ಸಾಮಾನನ್ನು ಎಷ್ಟು ಕಿಲೋಮೀಟರಿನಲ್ಲಿ ಹಾಕಿದಿರಿ ಎಂದು ಒಂದು ಪುಸ್ತಕದಲ್ಲಿ ಬರೆದು ಸೀಟಿನ ಕೆಳಗೆ ಪ್ಲಾಸ್ಟಿಕ್ ಚೀಲದಲ್ಲಿಡಿ. ಎಷ್ಟೋ ದಿನಗಳಾದ ಮೇಲೆ ಯಾವ ಗ್ಯಾರೇಜಿಗೆ ಹೋದರೂ ಅಲ್ಲಿಯ ಮೆಕ್ಯಾನಿಕ್ ಮೊದಲು ಕೇಳುವುದು ಅದನ್ನೇ.